ಸ್ನಾನದ ಪ್ರಶ್ನೆ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಅದಕ್ಕೇ ಇರಬೇಕು, ಮನೆ ಮನೆ ಸುತ್ತಿ ವಯಸ್ಸಾದವರ ಆರೋಗ್ಯ ವಿಚಾರಿಸುವ ಸಮೀಕ್ಷೆಯ ಕೆಲಸ ಸಿಕ್ಕಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಹಲವು ದೇಶಗಳ ಮುದುಕರು ಎಷ್ಟು ಚೆನ್ನಾಗಿ ಬದುಕುತ್ತಿದ್ದಾರೆ ಎಂದು ಒಂದೇ ಪ್ರಶ್ನಾವಳಿಯಿಂದ ಅಳೆಯಬೇಕಿತ್ತು. ಕನ್ನಡಕ್ಕೆ ತಂದ ಪ್ರಶ್ನೆಗಳನ್ನು ಅಚ್ಚಾದ ಹಾಗೆಯೇ ಓದಬೇಕು, ವಿವರಿಸಬಾರದು. ಎರಡು ವಾರ ಬಿಟ್ಟು ಅದೇ ಮನೆಗೆ ಹೋಗಿ ಅದನ್ನೇ ಮತ್ತೆ ಕೇಳಬೇಕು. ಉತ್ತರ ಬದಲಾಗದಿದ್ದರೆ ಪ್ರಶ್ನೆ ಗಟ್ಟಿ ಎಂದು ಅರ್ಥವಂತೆ.

ಅಗ್ರಹಾರದ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಸಿಕ್ಕರು. ಹಣೆಯಲ್ಲಿ ವಿಭೂತಿ, ಬಾಯಿ ತುಂಬ ಮಾತು, ಒಂದು ಪ್ರಶ್ನೆಗೆ ಮೂರು ಕಥೆ. ನನಗೋ ಮಧ್ಯಾಹ್ನದೊಳಗೆ ಮಂಡಿ ಮೊಹಲ್ಲಾದಲ್ಲಿ ಇನ್ನೂ ಎರಡು ಮನೆ ಮುಗಿಸುವ ಧಾವಂತ. ಕಾಲು ಕುಣಿಸುತ್ತಾ ಕೂತಿದ್ದೆ.

"ನಿಮ್ಮ ಸ್ನಾನವನ್ನು ನೀವೇ ಮಾಡಿಕೊಳ್ಳುತ್ತೀರಾ?" ಎಂದು ಓದಿದೆ.

"ನಾನ್ಯಾಕೆ ಮಾಡ್ಕೊಳ್ಳಲಿ ಕಣಮ್ಮ? ಸೊಸೆ ಬೆನ್ನುಜ್ಜಿ ನೀರು ಹಾಕ್ತಾಳೆ."

ಚಿನ್ನದ ಬಳೆ ಮಾಡಿಸಿಕೊಟ್ಟಿದ್ದಾಳೆ ಎನ್ನುವಷ್ಟು ಹೆಮ್ಮೆಯಿಂದ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಸೊಸೆ ನಕ್ಕರು. ನಮ್ಮ ಕಡೆ ಹಿರಿಯರಿಗೆ ನೀರು ಹಾಕುವುದು ಮರ್ಯಾದೆ, ಜೊತೆಗೆ ಸಲಿಗೆ. ಅದು ನನಗೆ ಗೊತ್ತಿತ್ತು, ಫಾರಂಗೆ ಗೊತ್ತಿರಲಿಲ್ಲ. ಟಿಕ್ ಹಾಕಿದೆ.

"ಏನ್ ಬರ್ಕೊಂಡೆ, ಓದು," ಎಂದರು ಅಜ್ಜಿ.

ಏಳುವ ಆತುರದಲ್ಲಿ ಓದಿಯೇ ಬಿಟ್ಟೆ: "ಸ್ನಾನಕ್ಕೆ ಇನ್ನೊಬ್ಬರನ್ನು ಅವಲಂಬಿಸಿದ್ದಾರೆ."

ಆಮೇಲೆ ಅಜ್ಜಿ ಒಂದು ಕಥೆಯನ್ನೂ ಹೇಳಲಿಲ್ಲ. ಸದ್ಯ, ಬೇಗ ಮುಗಿಯಿತು ಎಂದುಕೊಂಡು ಸ್ಕೂಟರ್ ಹತ್ತಿದೆ.

ಎರಡು ವಾರ ಬಿಟ್ಟು ಹೋದಾಗ, ನಾನು ಫಾರಂ ತೆಗೆಯುವ ಮೊದಲೇ ಶುರು ಮಾಡಿದರು. "ಬರ್ಕೊ. ಸ್ನಾನ ನಾನೇ ಮಾಡ್ಕೋತೀನಿ. ಯಾರ ಹಂಗೂ ನಂಗೆ ಬೇಡ."

ಅವರ ಮೊಣಕೈ ತರಚಿತ್ತು. ಬಚ್ಚಲ ಗೋಡೆ ತಗುಲಿತು ಎಂದರು. ಫಾರಂ ಪ್ರಕಾರ ಅಜ್ಜಿಯ ಅಂಕ ಏರಿ, ಆರೋಗ್ಯ ಸುಧಾರಿಸಿತ್ತು.

ಸೊಸೆ ಬೀದಿ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದರು: "ಒಳಗಿಂದ ಚಿಲಕ ಹಾಕ್ಕೊಂಬುಡ್ತಾರೆ ಮೇಡಂ. ನೀರು ಹಾಕೋವಾಗ್ಲೇ ನನ್ ಜೊತೆ ಮನ್ಸು ಬಿಚ್ಚಿ ಮಾತಾಡ್ತಿದ್ದಿದ್ದು. ಈಗ ಆಚೆ ನಿಂತ್ಕೊಂಡು ಚೊಂಬಿನ ಸದ್ದು ಕೇಳ್ತಿರ್ತೀನಿ, ಬಿದ್ಬುಟ್ರೆ ಅಂತ."

ನಾಚಿಕೆಯಾಯಿತು. ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಮೆಟ್ಟಿದ್ದ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದೆ.

"ಅಜ್ಜಿ, ಅವತ್ತು ನಾನು ಓದಿದ್ದು ತಪ್ಪು. ಆ ಫಾರಂ ಕೂಡ ತಪ್ಪು. ನೀವು ಸೊಸೆ ಹತ್ರಾನೇ ನೀರು ಹಾಕಿಸ್ಕೊಳ್ಳಿ."

ಅಜ್ಜಿ ಕನಿಕರದಿಂದ ನನ್ನನ್ನು ನೋಡಿದರು.

"ಅಚ್ಚು ಹಾಕ್ಸಿರೋದು ಎಂಗಮ್ಮ ತಪ್ಪಾಗುತ್ತೆ?" ಎಂದು, ಸೆರಗು ಎಳೆದು ಮೊಣಕೈ ಮುಚ್ಚಿಕೊಂಡರು.