ಜಯತೀರ್ಥರ ಸುತ್ತುದಾರಿ
ವಡೋದರದ ನಮ್ಮ ಬ್ಯಾಂಕಿನಲ್ಲಿ ಯಾರಾದರೂ ಸಮುದ್ರದ ಮಾತೆತ್ತಿದರೆ ಸಾಕು, ಧಾರವಾಡದ ಜಯತೀರ್ಥರು ಊಟದ ಡಬ್ಬಿ ಸರಿಸಿ ನಕ್ಷೆ ಹಾಸುತ್ತಿದ್ದರು. ಅವರ ಲೆಕ್ಕದಲ್ಲಿ ತೀಥಲ್ ಕಡಲತೀರಕ್ಕೆ ಹನ್ನೊಂದು ದಾರಿ; ಅವುಗಳಲ್ಲಿ ಮೂರನ್ನು ಸರಕಾರ ಇನ್ನೂ ಹಾಕಿರಲಿಲ್ಲ. ಊರಂಚಿನ ಮಕರಪುರದಲ್ಲಿ ನಿಂತ ಲಾರಿ ಡ್ರೈವರುಗಳನ್ನೆಲ್ಲ "ರಸ್ತಾ ಕೈಸಾ ಹೈ, ಭಾಯಿ?" ಎಂದು ಮಾತಾಡಿಸಿ ಬರುತ್ತಿದ್ದರು. ಇಷ್ಟೆಲ್ಲ ಮಾಡಿ ಆರಿಸುತ್ತಿದ್ದುದು ಮಾತ್ರ ಎಲ್ಲಕ್ಕಿಂತ ಉದ್ದದ ದಾರಿಯನ್ನೇ. ತೊಂಬತ್ತೈದರ ಡಿಸೆಂಬರಿನಲ್ಲಿ ನಾವು ಮೂರು ಸಂಸಾರ ಹೊರಟಾಗಲೂ, "ಹೈವೇ ಬ್ಯಾಡ್ರಿ, ನಾವು ರಾಜಪೀಪ್ಲಾ ಮ್ಯಾಲೆ ಬರ್ತೀವಿ" ಎಂದು ತಮ್ಮ ಮಾರುತಿ ಕಾರನ್ನು ಬೇರೆ ಕಡೆ ತಿರುಗಿಸಿದರು. ಉಳಿದ ನಾವು ಹೈವೇಯ ಗುಂಡಿಗಳಲ್ಲಿ ಕುಣಿಯುತ್ತ ತೀಥಲ್ ಸೇರಿ, ಉಂಡು, ಒಂದು ನಿದ್ದೆ ಮುಗಿಸಿದ ಮೇಲೆ ಅವರ ಕಾರು ಬಂತು. "ಏನ್ ಸಾರ್, ದೆಹಲಿ ನೋಡ್ಕೊಂಡು ಬಂದ್ರಾ?" ಎಂದು ನಾನು ಛೇಡಿಸಿದೆ. ಜಯತೀರ್ಥರು ನಗುತ್ತ ನಕ್ಷೆ ಮಡಚಿಟ್ಟರು. ಹಿಂದಿನ ವರ್ಷ ಬೆನ್ನಿನ ಆಪರೇಷನ್ ಆಗಿದ್ದ ಅವರ ಹೆಂಡತಿ ರಮಾಮಣಿ ತಾವೇ ಬಾಗಿಲು ತೆಗೆದು ಇಳಿದರು. "ಹೋದ ರವಿವಾರ ಸ್ಕೂಟರ್ ಮ್ಯಾಲೆ ರಾಜಪೀಪ್ಲಾ ತನಕಾ ಹೋಗಿ, ತಗ್ಗಿಲ್ಲದ ರಸ್ತಾ ಹುಡುಕಿ ಬಂದಿದ್ರು," ಎಂದರು. "ಬೆನ್ನು ಒಮ್ಮೆನೂ ನೋಯಲಿಲ್ರೀ." ಆಮೇಲೆ ಸೀರೆಯ ನೆರಿಗೆ ಎತ್ತಿಕೊಂಡು, ಯಾರ ಆಸರೆಯೂ ಇಲ್ಲದೆ ಅಲೆಗಳ ಕಡೆ ನಡೆದರು.