ಎಸರಿಗೆ ಹಿಟ್ಟು ಬಿದ್ದ ಹೊತ್ತಿನ ಮಾತ್ರೆ

ಕುದಿಯುವ ಎಸರಿಗೆ ರಾಗಿಹಿಟ್ಟು ಬೀಳುತ್ತಿದ್ದಂತೆ ಒಂದು ವಾಸನೆ ಏಳುತ್ತದೆ. ಅದನ್ನು ವರ್ಣಿಸುವ ಗೋಜಿಗೆ ನಾನು ಹೋಗುವುದಿಲ್ಲ. ಮುದ್ದೆ ಉಣ್ಣುವವರಿಗೆ ಹೇಳಬೇಕಾಗಿಲ್ಲ, ಉಣ್ಣದವರಿಗೆ ಹೇಳಿ ಪ್ರಯೋಜನವಿಲ್ಲ. ಇವತ್ತು ಮಧ್ಯಾಹ್ನವೂ ಆ ವಾಸನೆ ಎದ್ದಿತು, ನನ್ನ ಕತ್ತು ತಾನಾಗಿಯೇ ಅಡುಗೆಮನೆಯ ಹೊಸ್ತಿಲ ಕಡೆ ತಿರುಗಿತು. ಅಲ್ಲಿ ಯಾರೂ ಇರಲಿಲ್ಲ. ನಮ್ಮ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು, ಈ ಕತ್ತಿಗೆ ಮಾತ್ರ ಇನ್ನೂ ಬುದ್ಧಿ ಬಂದಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆಯಿತ್ತು. ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ನುಂಗಬೇಕು, ನುಂಗಿದ ಮೇಲೆ ಊಟ ತಪ್ಪಿಸಲೇಬಾರದು ಎಂದು ಹುಣಸೂರಿನ ಡಾಕ್ಟರು ಒತ್ತಿ ಹೇಳಿದ್ದರು. ಅತ್ತೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನಮ್ಮ ಗೋಡೆ ಗಡಿಯಾರವೂ ಅದರ ಮನಸ್ಸು ಬಂದಾಗ ನಡೆಯುವಂಥದ್ದು. ನನ್ನ ಯಜಮಾನರು ಮೆಡಿಕಲ್ಲಿನಿಂದ ಪುಟ್ಟ ಪುಟ್ಟ ಮನೆಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟರು, ದಿನಕ್ಕೊಂದು ಮನೆ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಬಲು ಮೆಚ್ಚಿಕೊಂಡರು. ಒಂದು ಮನೆಗೆ ಅಡಿಕೆ, ಇನ್ನೊಂದಕ್ಕೆ ಸುಣ್ಣ, ಮತ್ತೊಂದಕ್ಕೆ ಕಡ್ಡಿಪುಡಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಮೇಲೆ ಉಪಾಯ ಹುಡುಕಿದವಳು ನಾನು. ಎಸರಿಗೆ ಹಿಟ್ಟು ಹಾಕಿ, ಅದು ಬೆಂದು, ತೊಳಸಿ, ಉಂಡೆ ಕಟ್ಟಿ ತಟ್ಟೆಗೆ ಬರುವಷ್ಟರಲ್ಲಿ ಹೆಚ್ಚೂಕಡಿಮೆ ಅರ್ಧ ಗಂಟೆಯಾಗುತ್ತದೆ. ಹಾಗಾಗಿ ಹಿಟ್ಟು ಬಿದ್ದಾಗ ಮಾತ್ರೆ ಎಂದು ಗೊತ್ತುಮಾಡಿದೆ. ಅತ್ತೆ ಹೊಸ್ತಿಲ ಹತ್ತಿರ ಕೂತು "ಇಟ್ಟು ಬಿತ್ತೇನವ್ವ?" ಎಂದು ಕೇಳುತ್ತಿದ್ದರು, ಬಿತ್ತು ಅಂದರೆ ಅಂಗೈ ಚಾಚುತ್ತಿದ್ದರು. ಹೊಗೆಸೊಪ್ಪಿನ ಕಾಲದಲ್ಲಿ ಎಲೆ ಕಟ್ಟಿ ಕಟ್ಟಿ ಅವರ ಕೈಯೆಲ್ಲ ಕಪ್ಪು ಅಂಟು, ನಾರು ಹಾಕಿ ಉಜ್ಜಿದರೂ ಕಹಿ ಹೋಗದು. ಆಗ ಸುಮ್ಮನೆ ಬಾಯಿ ತೆರೆಯುತ್ತಿದ್ದರು, ನಾನು ನಾಲಿಗೆಯ ಮೇಲೆ ಮಾತ್ರೆ ಇಡುತ್ತಿದ್ದೆ. ನನ್ನ ಈ ಉಪಾಯದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಪಿರಿಯಾಪಟ್ಟಣದ ಕಡೆಯ ನೆಂಟರು ಬಂದಾಗಲೆಲ್ಲ ಮಗ ಅವ್ವನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದೇ ಹೊಗಳಿ ಹೋಗುತ್ತಿದ್ದರು. ಮಾತ್ರೆ ಕೊಂಡು ತರುವವರು ಯಜಮಾನರು ತಾನೆ. ಬಾಯಿಗಿಡುವುದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಒಂದು ಮಧ್ಯಾಹ್ನ ಹಿಟ್ಟು ಬಿತ್ತು, ಅತ್ತೆ ಮಾತ್ರೆ ನುಂಗಿ ನೀರು ಕುಡಿದರು. ಲೋಟ ಕೆಳಗಿಡುವಷ್ಟರಲ್ಲಿ ಎದುರುಮನೆಯಿಂದ ಗೊಳೋ ಎಂಬ ಅಳು ಕೇಳಿಸಿತು. ಆ ಮನೆಯ ತಾತ ಹೋಗಿಬಿಟ್ಟಿದ್ದರು. ಬೀದಿಯಲ್ಲಿ ಹೆಣವಿರುವಾಗ ನಮ್ಮಲ್ಲಿ ಒಲೆ ಉರಿಯುವಂತಿಲ್ಲ, ಹೆಣ ಎತ್ತುವವರೆಗೆ ಯಾರೂ ತುತ್ತು ಮುಟ್ಟುವಂತಿಲ್ಲ. ಅತ್ತೆಯೇ ಎದ್ದು ಬಂದು ಗ್ಯಾಸ್ ಆರಿಸಿದರು. ಅರೆಬೆಂದ ಹಿಟ್ಟು ಪಾತ್ರೆಯಲ್ಲೇ ಕೂತಿತು. ಮಾತ್ರೆ ಆಗಲೇ ಹೊಟ್ಟೆಗೆ ಹೋಗಿದೆ, ಬೆಳಗಿನ ಅನ್ನ ಎರಡು ತುತ್ತಾದರೂ ಉಂಡು ಹೋಗಿ ಎಂದು ಬೇಡಿಕೊಂಡೆ.

"ಬೀದೀಲಿ ಎಣ ಮಡಿಕ್ಕಂಡು ಉಂಡ್ರೆ ನಾಯಿಗೂ ನಂಗೂ ಏನವ್ವ ಯತ್ಯಾಸ?" ಎಂದು ಸೆರಗು ಹೊದ್ದು ಹೊರಟೇಬಿಟ್ಟರು.

ತಾತನ ಮಗಳು ಕೊಡಗಿನ ತೋಟದಿಂದ ಬರಬೇಕಿತ್ತು. ಹೊತ್ತು ಇಳಿಯುತ್ತಾ ಬಂದರೂ ಹೆಣ ಎತ್ತಲಿಲ್ಲ. ಅತ್ತೆ ಹೆಂಗಸರ ನಡುವೆ, ಹೆಣದ ತಲೆದೆಸೆಯಲ್ಲಿ ಕೂತಿದ್ದರು. ನಾನು ಕಂಬದ ಮರೆಯಲ್ಲಿ ನಿಂತು ಸತ್ತವರನ್ನು ಬಿಟ್ಟು ಅವರನ್ನೇ ನೋಡುತ್ತಿದ್ದೆ. ಮೊದಲು ಹಣೆಯ ಮೇಲೆ ಬೆವರು ಕಂಡಿತು, ಆಮೇಲೆ ಕೈ ನಡುಗತೊಡಗಿತು. ಅಳು ಹೋಗಿ ಏನೇನೋ ತೊದಲು ಶುರುವಾಯಿತು. ಪಾಪ, ಸಂಕಟ ತಡೆಯಲಾರದೆ ಹೀಗಾಗಿದೆ ಎಂದು ಹೆಂಗಸರು ಬೆನ್ನು ಸವರಿದರು. ಅದು ಸಂಕಟವಲ್ಲ, ಮಾತ್ರೆ, ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಇಳಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಮನೆಗೆ ಓಡಿ ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಬಂದೆ.

ಅಂಗಳದಲ್ಲಿ ನನ್ನ ಯಜಮಾನರು ಮಣಿಕಟ್ಟು ಹಿಡಿದುಕೊಂಡರು. "ಎಣದ ಮುಂದೆ ಸೀ ತಿನ್ನುಸ್ತೀಯಾ? ನಾನು ಊರಲ್ಲಿ ತಲೆ ಎತ್ಕಂಡು ತಿರುಗೋದು ಬ್ಯಾಡ್ವಾ?" ಹಾಗಾದರೆ ಅವ್ವನನ್ನು ಎಬ್ಬಿಸಿ ಮನೆಗಾದರೂ ಕರೆದುಕೊಂಡು ಬನ್ನಿ, ಒಳಗೆ ಕೂರಿಸಿ ಕೊಡೋಣ ಎಂದೆ. ಅದು ಇನ್ನೂ ಕೆಟ್ಟದಾಗಿ ಕಾಣುತ್ತದಂತೆ. ಕೈ ಕಿತ್ತುಕೊಂಡು ಹೋದೆ. ಅಷ್ಟು ಜನದ ನಡುವೆ, ಹೆಣದ ಪಕ್ಕದಲ್ಲೇ, ಅತ್ತೆಯ ದವಡೆಯ ಒಳಗೆ ಬೆಲ್ಲ ತಿಕ್ಕಿದೆ. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ನನ್ನನ್ನೇ ನೋಡಿದರು.

ಸ್ವಲ್ಪ ಹೊತ್ತಿಗೆ ಅತ್ತೆಯ ಕಣ್ಣು ತಿಳಿಯಾಯಿತು. ತುಟಿಯ ಅಂಟನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು, ಸುತ್ತ ಇದ್ದವರ ಮುಖ ನೋಡಿದರು, ಕಡೆಗೆ ನನ್ನನ್ನು. "ಸತ್ತೋನ ಮುಂದೆ ನನ್ ಬಾಯಿ ಸೀ ಮಾಡ್ಬುಟ್ಟಲ್ಲವ್ವ," ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ದಿನದಿಂದ ಅವರು ಹೊಸ್ತಿಲ ಹತ್ತಿರ ಕೂರಲಿಲ್ಲ. ಮಗ ಕೊಟ್ಟರೆ ನುಂಗುತ್ತೇನೆ ಎಂದರು. ಮಗ ಕೆಲವು ದಿನ ಕೊಟ್ಟರು. ಆಮೇಲೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲ ಬಂತು, ಆಮೇಲೆ ಹರಾಜಿನ ಓಡಾಟ. ನಾನು ನೆನಪಿಸಿದರೆ ಹೂಂ ಹೂಂ ಎನ್ನುತ್ತಿದ್ದರು. ತಟ್ಟೆಯ ಅಂಚಿನಲ್ಲಿ ನಾನಿಟ್ಟ ಮಾತ್ರೆಯನ್ನು ಅತ್ತೆ ಸೊಪ್ಪಿನ ದಂಟಿನ ಜೊತೆ ಪಕ್ಕಕ್ಕೆ ತಳ್ಳುತ್ತಿದ್ದರು. ಕಾಲಿಗೆ ಒಂದು ಗಾಯವಾಯಿತು, ಅದು ಮಾಯಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಕಾಲು ತೆಗೆದರು. ಅದಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಸೊಸೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಿರಲಿಲ್ಲವಂತೆ ಎಂದು ನೆಂಟರು ತಿಥಿಯ ಊಟ ಉಣ್ಣುತ್ತಾ ಮಾತಾಡಿಕೊಂಡರು. ಅವರ ಎಲೆಗೆ ಬಡಿಸುತ್ತಿದ್ದವಳು ನಾನೇ. ಯಜಮಾನರಿಗೂ ಅದು ಕೇಳಿಸಿತು, ಅವರು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು.

ನನಗೆ ಸಿಟ್ಟಿದೆ. ಆ ಬೀದಿಯ ಮೇಲಿದೆ, ಗಂಡನ ಮೇಲಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ, ಆದರೂ ಅತ್ತೆಯ ಮೇಲೂ ಇದೆ. ಬದುಕಿಸಿದ ಕೈಗಿಂತ ಮರೆತ ಕೈಯೇ ಅವರಿಗೆ ಹೆಚ್ಚಾಯಿತು.

ಈಗ ಯಜಮಾನರಿಗೂ ಅದೇ ಕಾಯಿಲೆ, ಅದೇ ಮಾತ್ರೆ. ಮೊನ್ನೆ ಅವರು ಮಾತ್ರೆ ನುಂಗಿದ ಮೇಲೆ ಬೀದಿಯ ಕೊನೆಯ ಮನೆಯಲ್ಲಿ ಸಾವಾಯಿತು. ಈ ಸಲ ನಾನೇ ಗ್ಯಾಸ್ ಆರಿಸಿದೆ. ಅವರು ಟವಲ್ಲು ಹೆಗಲಿಗೆ ಹಾಕಿಕೊಂಡು ಹೋದವರು ಸ್ವಲ್ಪ ಹೊತ್ತಿಗೆಲ್ಲ ಹಿತ್ತಲ ಕಡೆಯಿಂದ ಬಂದು ಬಾಗಿಲು ಹಾಕಿ ಚಿಲಕ ಜಡಿದರು.

"ಕೈ ನಡುಗ್ತಾ ಅದೆ. ತಿನ್ನಕೆ ಏನಾರ ಕೊಡು, ಬ್ಯಾಗ. ಯಾರಾರ ನೋಡಾರು."

ಸಕ್ಕರೆ ಕದಡಿದ ನೀರು ಕೊಟ್ಟೆ, ಬೆಳಗಿನ ಚಿತ್ರಾನ್ನ ತಟ್ಟೆಗೆ ಹಾಕಿದೆ. ಗೋಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತು ಗಬಗಬನೆ ತಿಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಇಷ್ಟು ವರ್ಷ ಆಡದ ಮಾತು ಆಗ ಬಾಯಿಗೆ ಬಂತು.

"ಅವತ್ತೂ ಈ ಬಾಗಿಲಿಗೆ ಚಿಲಕ ಇತ್ತು ಕಣ್ರೀ."

ಅವರು ತಟ್ಟೆಯ ಅಂಚನ್ನು ಬೆರಳಿನಿಂದ ಬಳಿದರು. ತಟ್ಟೆ ಖಾಲಿಯಾದ ಮೇಲೆ ಬಾಯಿ ಒರೆಸಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು, ಹೆಣದ ಮನೆಗೆ ವಾಪಸು ಹೋದರು.