ಗಿಟಾರ್ ಸಹಿತ ಕಬ್ಬಾಳಿನ ಬೀಗರೂಟಕ್ಕೆ

ನಮ್ಮ ಯಜಮಾನರಾದ ಪುಟ್ಟಸ್ವಾಮಿಯವರೊಂದಿಗೆ ನಾನು ಕೈಗೊಂಡ ಎರಡು ದಿನಗಳ ಪ್ರಯಾಣದ ವಿವರಗಳನ್ನು ನಮ್ಮ ಬಡಾವಣೆಯ ಓದುಗರ ಅವಗಾಹನೆಗೆ ಸಲ್ಲಿಸುತ್ತಿದ್ದೇನೆ. ಇದುವರೆಗೆ ಕಚೇರಿಯ ಪತ್ರಗಳನ್ನು ಬೆರಳಚ್ಚು ಮಾಡಿದ್ದೇನೆಯೇ ಹೊರತು ಸ್ವಂತವಾಗಿ ಏನನ್ನೂ ಬರೆದವಳಲ್ಲ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಶನಿವಾರ ಬೆಳಗ್ಗೆ ಮೈಸೂರಿನ ನಿಲ್ದಾಣದಲ್ಲಿ ಚನ್ನಪಟ್ಟಣದ ಬಸ್ ಹತ್ತಿದೆವು. ಹೆದ್ದಾರಿಯ ಬಸ್ಸುಗಳು ಊರೊಳಗೆ ಬಾರದೆ ಹೊರಗಿನಿಂದಲೇ ಹೋಗಿಬಿಡುವುದರಿಂದ, ಊರೊಳಗೆ ಹೋಗುವುದೆಂದು ನಾಲ್ಕಾರು ಜನರನ್ನು ವಿಚಾರಿಸಿ ಖಚಿತಪಡಿಸಿಕೊಂಡ ನಂತರವೇ ಹತ್ತಿದೆವು. ನನ್ನ ಪ್ರಯಾಣ ಉಚಿತ. ಯಜಮಾನರು ಟಿಕೆಟ್ ಪಡೆದರು. ಬಟ್ಟೆಯ ಚೀಲದಲ್ಲಿದ್ದ ಗಿಟಾರನ್ನು ಮೇಲಿಡಲು ಒಪ್ಪದೆ ಅವರು ಮಡಿಲಲ್ಲೇ ಇಟ್ಟುಕೊಂಡಿದ್ದರು.

"ಸಾ, ಮಗ ಮಲ್ಗೈತಾ? ಒಂದ್ ಆಫ್ ಟಿಕೆಟ್ ತಗಳಿ" ಎಂದರು ನಿರ್ವಾಹಕರು.

"ಮಗ ಅಲ್ಲ ಸ್ವಾಮಿ, ಇವಳ ಸವತಿ. ಹೆಂಗಸ್ರಿಗೆ ಫ್ರೀ ತಾನೆ?" ಎಂದು ಯಜಮಾನರು ನನ್ನ ಕಡೆ ಕೈ ತೋರಿಸಿದರು.

"ಹಂಗಾದ್ರೆ ಆಧಾರ್ ಕಾರ್ಡ್ ತೋರ್ಸಕ್ ಹೇಳಿ ಅವ್ರಿಗೂ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅದಕ್ಕೆ ಕಾರಣವನ್ನು ಇಲ್ಲಿಯೇ ತಿಳಿಸುವುದು ಸೂಕ್ತ.

ಯಜಮಾನರು ಹರೆಯದಲ್ಲಿ ವಾದ್ಯಗೋಷ್ಠಿಗಳಲ್ಲಿ ಗಿಟಾರ್ ನುಡಿಸುತ್ತಿದ್ದರು. ಗೋಷ್ಠಿಗಳು ಕಡಿಮೆಯಾದ ಮೇಲೆ ಅಂಗಡಿಗಳ ಜಾಹೀರಾತಿಗೂ ಶಾಲೆಗಳ ವಾರ್ಷಿಕೋತ್ಸವಕ್ಕೂ ರಾಗ ಸಂಯೋಜಿಸಿದರು. ತರುವಾಯ ಒಂದು ಕೇಬಲ್ ವಾಹಿನಿಗೆ ಹಾಸ್ಯ ಪ್ರಹಸನಗಳನ್ನು ಬರೆದುಕೊಟ್ಟರು. ಕೊನೆಗೆ ಮೂರನ್ನೂ ಒಟ್ಟುಗೂಡಿಸಿ, ಬೀಗರೂಟಗಳಲ್ಲಿ ಬೀಗರನ್ನು ಹಾಡಿನಲ್ಲಿ ಗೇಲಿ ಮಾಡುವ ಕಾರ್ಯಕ್ರಮ ಆರಂಭಿಸಿದರು. ಜನ ಕರೆಯುತ್ತಿದ್ದುದು ಆ ಹಾಸ್ಯಕ್ಕಾಗಿ. ಆದರೆ ಯಾರಾದರೂ ಉದ್ಯೋಗ ಕೇಳಿದರೆ ಅವರು "ಗಿಟಾರ್ ವಾದಕ" ಎಂದಷ್ಟೇ ಹೇಳುತ್ತಿದ್ದರು. ಉಳಿದೆರಡೂ ಹೊಟ್ಟೆಪಾಡು ಎಂಬುದು ಅವರ ಅಭಿಪ್ರಾಯ.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ತಗುಲಿತು. ನಡಿಗೆ ಸರಿಹೋಯಿತು, ಮಾತೂ ಸರಿಹೋಯಿತು. ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮಾತ್ರ ಪೂರ್ಣವಾಗಿ ಹಿಂದಿರುಗಲಿಲ್ಲ. ಕಬ್ಬಾಳಿನ ಬೀಗರೂಟ ಕಾಯಿಲೆಯ ನಂತರ ಒಪ್ಪಿಕೊಂಡ ಮೊದಲ ಕಾರ್ಯಕ್ರಮ. ಹೊರಡುವ ಮುನ್ನ ಅವರು ನನಗೆ ಸ್ಪಷ್ಟವಾಗಿ ಹೇಳಿದ್ದರು: "ಸರೋಜಾ, ಅಲ್ಲಿ ಕೈ ನನ್ ಮಾತು ಕೇಳದೆ ಹೋದ್ರೆ ಆಯ್ತು, ಅಲ್ಲಿಗೆ ಮುಗೀತು. ಆಮೇಲೆ ಗಿಟಾರ್ ಮುಟ್ಟಲ್ಲ." ಆದ್ದರಿಂದ ಮದ್ದೂರು ದಾಟುವವರೆಗೂ ಮುಂದಿನ ಆಸನದ ಕಂಬಿಯ ಮೇಲೆ ಅವರ ಬೆರಳುಗಳು ಒಂದೊಂದಾಗಿ ಒತ್ತುತ್ತಿದ್ದುದನ್ನು ನಾನು ನೋಡುತ್ತಲೇ ಇದ್ದೆ. ಎರಡು ಬೆರಳು ಒತ್ತುತ್ತಿದ್ದವು. ಎರಡು ಸುಮ್ಮನೆ ಕಂಬಿಯ ಮೇಲೆ ಮಲಗಿದ್ದವು.

ಚನ್ನಪಟ್ಟಣದಲ್ಲಿ ಇಳಿದುದಕ್ಕೆ ಕಾರಣವಿತ್ತು. ಗಿಟಾರಿನ ತಂತಿ ಬಿಗಿಮಾಡುವ ತಿರುಪುಗಳಲ್ಲಿ ಒಂದರ ಗುಂಡಿ ಒಡೆದುಹೋಗಿತ್ತು. ಅಲ್ಲಿನ ಬೊಂಬೆ ತಯಾರಕರಾದ ಸಲೀಂ ಅವರು ಹಿಂದೆ ಇವರ ಗೋಷ್ಠಿಯಲ್ಲೇ ತಾಳವಾದ್ಯ ನುಡಿಸುತ್ತಿದ್ದವರು. ಅವರು ಮರ ಕಡೆಯುವ ಯಂತ್ರಕ್ಕೆ ಹಾಲೆ ಮರದ ತುಂಡೊಂದನ್ನು ಸಿಕ್ಕಿಸಿ, ಕಡೆದು, ಅರಗಿನ ಕಡ್ಡಿ ಹಿಡಿದು ಕೆಂಪು ಬಣ್ಣ ಹತ್ತಿಸಿ ಹೊಸ ಗುಂಡಿ ಕೂರಿಸಿಕೊಟ್ಟರು.

"ಏನ್ ಭಾಭಿ, ಪುಟ್ಟೂನ ಇಷ್ಟ್ ಸಣ್ಣ ಮಾಡ್ಬುಟ್ರಿ? ಮನೇಲಿ ರೇಷನ್ ಕಟ್ಟಾ?" ಎಂದು ನನ್ನನ್ನು ಕೇಳಿದರು.

"ಅವಳ ಅಡುಗೆ ತಿಂದೂ ಬದ್ಕಿದೀನಲ್ಲ, ಅದಕ್ಕೆ ಖುಷಿಪಡಪ್ಪ" ಎಂದರು ಯಜಮಾನರು.

"ಚಲೋ, ಒಂದ್ ಸಲ ಬಾರ್ಸು ಯಾರ್. ಕಿವಿ ತಣ್ಣಗಾಗ್ಲಿ."

ಯಜಮಾನರು ಬರಿಯ ತಂತಿಗಳನ್ನು ಬಲಗೈಯಿಂದ ಮೀಟಿ, ಶ್ರುತಿ ಸರಿಯಾಗಿದೆ ಎಂದು ಹೇಳಿ ಚೀಲಕ್ಕೆ ಹಾಕಿದರು. ಚಹಾ ಆರಿಹೋಗುತ್ತದೆ ಎಂಬ ಸಬೂಬನ್ನೂ ನೀಡಿದರು. ಸಲೀಂ ಅವರು ಮತ್ತೆ ಒತ್ತಾಯಿಸಲಿಲ್ಲ. ನಾವು ಹೊರಡುವಾಗ ನನ್ನ ಬಳಿ ಬಂದು, "ಎಡಗೈ ಇನ್ನಾ ಎದ್ದಿಲ್ವಾ ಭಾಭಿ?" ಎಂದು ಮೆಲ್ಲಗೆ ಕೇಳಿದರು. ಚಿಕಿತ್ಸೆ ಪ್ರಗತಿಯಲ್ಲಿದೆ ಎಂದು ತಿಳಿಸಿದೆ.

ರಾಮನಗರ ಅಲ್ಲಿಂದ ಹತ್ತಿರ. ಬಿಸಿಲು ಏರಿತ್ತು. ನಿಲ್ದಾಣದ ಬಳಿಯ ಮೆಸ್ಸಿನಲ್ಲಿ ಊಟಕ್ಕೆ ಕುಳಿತಾಗ, ಬಡಿಸುತ್ತಿದ್ದ ಮೆಸ್ಸಿನ ಮಾಲೀಕರು ಅಲ್ಲಿನ ಒಂದು ಸೀರೆ ಅಂಗಡಿಯ ಹಳೆಯ ಜಾಹೀರಾತಿನ ರಾಗವನ್ನು ಗುನುಗುತ್ತಿದ್ದರು. ಅದು ಯಜಮಾನರ ಸಂಯೋಜನೆ. ನಾನು ಹೆಮ್ಮೆಯಿಂದ ಅದನ್ನು ತಿಳಿಸಿಬಿಟ್ಟೆ.

"ಅಯ್ಯೋ, ನೀವೇನಾ ಸಾ ಅದು ಮಾಡಿದ್ದು?" ಎಂದು ಅವರು ಸಾರಿನ ಸೌಟನ್ನು ಮೇಲೆತ್ತಿದರು. "ಆ ಅಂಗ್ಡಿ ಮುಚ್ಚಿ ಎಷ್ಟ್ ಕಾಲ ಆಯ್ತು! ನಿಮ್ ಹಾಡು ಮಾತ್ರ ತಲೆ ಬುಟ್ಟು ಓಯ್ತಿಲ್ಲ. ಬೆಳಗ್ಗೆ ಎದ್ರೆ ಅದೇಯ. ಏನಾರ ಔಸ್ದಿ ಐತಾ?"

ಯಜಮಾನರು ನಗುತ್ತಾ ಕೈಮುಗಿಯಲು ಹೋದರು. ಬಲಗೈ ಎಂಜಲಾಗಿತ್ತು, ಎಡಗೈ ಮೇಜಿನ ಕೆಳಗಿತ್ತು. ಅದನ್ನು ಅವರು ಮೇಲೆ ತೆಗೆಯಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಬಂಡೆಗಳ ನಡುವಿನ ರಸ್ತೆಯಲ್ಲಿ ಮಾಗಡಿ ತಲುಪಿದೆವು. ಅಲ್ಲಿ ವಧುವಿನ ಮನೆ. ಬೀಗರೂಟ ನೀಡುತ್ತಿದ್ದವರು ಕಬ್ಬಾಳಿನ ವರನ ತಂದೆ ಸಿದ್ದೇಗೌಡರು. ಊಟಕ್ಕೆ ಬರುವ ಬೀಗರು ಈ ಮಾಗಡಿಯವರು. ಹಾಡಿನಲ್ಲಿ ಗೇಲಿಗೆ ಒಳಗಾಗಬೇಕಾದವರೂ ಇವರೇ ಆದ್ದರಿಂದ, ಯಜಮಾನರು ಪದ್ಧತಿಯಂತೆ ಹಿಂದಿನ ದಿನವೇ ಮನೆಗೆ ಹೋಗಿ ಮಾಹಿತಿ ಸಂಗ್ರಹಿಸುತ್ತಾರೆ. ಇದರಲ್ಲಿ ಕೆಲವು ನಿಯಮಗಳಿವೆ. ಕೊಟ್ಟಿದ್ದು ತೆಗೆದುಕೊಂಡಿದ್ದರ ಮಾತು ಎತ್ತಬಾರದು. ಜಮೀನಿನ ಮಾತು, ಮೈಬಣ್ಣದ ಮಾತು ಬೇಡ. ಅದಕ್ಕಿಂತ ಮುಖ್ಯವಾದುದು, ಯಾವ ಹಿರಿಯರನ್ನೂ ಬಿಟ್ಟುಬಿಡಬಾರದು. ಗೇಲಿ ಮಾಡಿದರೆ ಯಾರಿಗೂ ಕೋಪವಿಲ್ಲ. ಬಿಟ್ಟರೆ ಲೆಕ್ಕಕ್ಕೇ ಇಲ್ಲದವರಂತೆ ಮಾಡಿದರು ಎಂದು ಜಗಳವಾಗುತ್ತದೆ.

ಗಂಡಸರು ನೆಂಟರನ್ನು ಕರೆಯಲು ಬೇರೆ ಊರುಗಳಿಗೆ ಹೋಗಿದ್ದರು, ನಾವು ಹೊರಡುವವರೆಗೂ ಅವರನ್ನು ಕಾಣಲಾಗಲಿಲ್ಲ. ವಧುವಿನ ಅಜ್ಜಿ ನಂಜಮ್ಮನವರು ಹೆಂಗಸರನ್ನೆಲ್ಲ ಜಗಲಿಗೆ ಕರೆದರು.

"ನನ್ ಮಗ ಕೆಂಚಯ್ಯನ್ನ ಮೊದ್ಲು ಹಾಕಪ್ಪ. ಹುಡ್ಗಿ ಸೋದರ್ಮಾವ. ಯಾರ್ ಮನೆಗೋದ್ರೂ ಬರೋವಾಗ ಬ್ಯಾರೇರ ಚಪ್ಲಿ ಮೆಟ್ಕಂಡ್ ಬತ್ತಾನೆ. ಒಂದ್ಸಲ ಎಡಕ್ಕೊಂದು ಬಲಕ್ಕೊಂದು ಮೆಟ್ಕಂಡ್ ಬಂದ್ಬುಟ್ಟ."

"ಸಿಟ್ಟು ಬರಲ್ವಾ ಅಜ್ಜಿ ಅವರಿಗೆ?" ಎಂದು ನಾನು ಕೇಳಿದೆ.

"ಒಸಿ ಮುಂಗೋಪಿನೇ ಕಣವ್ವ. ಆದ್ರೆ ಹಾಡ್ನಾಗೆ ಬುಟ್ಬುಟ್ರೆ ಮನೆಗ್ ಬಂದು ನನ್ ತಲೆ ತಿಂತಾನೆ. ಹಾಕು, ಹಾಕು. ನನ್ನೂ ಹಾಕು. ನಾನು ಟೀವಿ ನೋಡ್ತಾ ನೋಡ್ತಾ ಅಲ್ಲೇ ಗೊರ್ಕೆ ಹೊಡಿತೀನಿ. ಆಫ್ ಮಾಡುದ್ರೆ ಎದ್ದು ಬೈತೀನಿ."

ಅಂದು ರಾತ್ರಿ ಅವರ ಮನೆಯಲ್ಲೇ ಉಳಿದೆವು. ಹಿತ್ತಲಿನಲ್ಲಿ ಯಜಮಾನರು ಚಪ್ಪಲಿಯ ಹಾಡಿಗೆ ರಾಗ ಕೂಡಿಸಿದರು. ರಾಗ ಸುಲಭವಾಗಿ ಬಂತು, ಮಾತು ಅದಕ್ಕಿಂತ ಸುಲಭವಾಗಿ ಬಂತು. ಗಿಟಾರಿನ ಭಾಗ ಬಂದಾಗ ಪ್ರತಿ ಸಲವೂ ಒಂದೇ ಸ್ಥಳದಲ್ಲಿ ನಿಂತುಹೋಗುತ್ತಿತ್ತು. ಸುಲಭವಾಗಿ ನುಡಿಸುವಂತೆ ಬದಲಾಯಿಸಿಕೊಳ್ಳಬಹುದಲ್ಲವೇ ಎಂದು ವಿನಂತಿಸಿದೆ. "ಬದಲಾಯಿಸಿದ್ರೆ ಅದು ನುಡಿಸಿದ ಹಾಗಲ್ಲ" ಎಂದು ಉತ್ತರಿಸಿದರು.

ಭಾನುವಾರ ನಾವು ಬೇಗನೆ ಹೊರಟು ರಾಮನಗರದಲ್ಲಿ ಬಸ್ ಬದಲಾಯಿಸಿ ಕನಕಪುರಕ್ಕೆ, ಅಲ್ಲಿಂದ ಸಾತನೂರು ಮಾರ್ಗವಾಗಿ ಕಬ್ಬಾಳು ತಲುಪಿದೆವು. ಬೆಟ್ಟದ ಕೆಳಗಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಒಂದು ಬದಿಯಲ್ಲಿ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು ಸಿದ್ಧವಾಗಿತ್ತು.

ಮೊದಲ ಪಂಕ್ತಿಯಲ್ಲಿ ಬೀಗರು ಕೂರುವುದು, ಮನೆಯವರು ನಿಂತು ಬಡಿಸಿ ಕೊನೆಗೆ ಉಣ್ಣುವುದು ಆ ಭಾಗದ ಮುರಿಯದ ಪದ್ಧತಿ. ಪಂಕ್ತಿ ತುಂಬಿದ ಕೂಡಲೇ ಯಜಮಾನರು ವೇದಿಕೆ ಏರಿದರು. ಆದರೆ ಮಾಗಡಿಯವರು ಬಾಡಿಗೆಗೆ ಪಡೆದ ಬಸ್ಸು ರಾಮನಗರದ ಬಳಿ ಪಂಚರಾಗಿ ನಿಂತಿತ್ತು. ಮುದ್ದೆ ಆರುತ್ತದೆಂದು ಸಿದ್ದೇಗೌಡರು ತಮ್ಮ ಊರಿನ ಹಿರಿಯರನ್ನೇ ಮೊದಲು ಕೂರಿಸಿದ್ದರು. ಬಡಿಸುತ್ತಿದ್ದ ಹೆಂಗಸೊಬ್ಬರಿಂದ ಇದು ನನಗೆ ತಿಳಿಯುವಷ್ಟರಲ್ಲಿ ಹಾಡು ಆರಂಭವಾಗಿತ್ತು. ಯಜಮಾನರ ಕಣ್ಣು ಎಡಗೈಯ ಮೇಲಿತ್ತೇ ಹೊರತು ಎದುರಿಗೆ ಕುಳಿತವರ ಮೇಲಿರಲಿಲ್ಲ. ನಾನು ಕೈಬೀಸಿದೆ, ಸೆರಗು ಬೀಸಿದೆ. ಅವರು ನೋಡಲಿಲ್ಲ.

"ಮಾಗಡಿ ಬೀಗ್ರು ಬಂದವ್ರೆ, ಎಲೆ ಮುಂದೆ ಕುಂತವ್ರೆ,
ಬಾಗ್ಲಾಗ್ ಬುಟ್ಟ ಚಪ್ಲೀಲಿ ಒಳ್ಳೇವ್ ನೋಡ್ಕಂಡವ್ರೆ..."

ಎಂದು ಹಾಡಿ, ಎದುರಿಗೆ ದೊಡ್ಡ ರುಮಾಲು ಸುತ್ತಿ ಕುಳಿತಿದ್ದ ಹಿರಿಯರನ್ನೇ ಕೆಂಚಯ್ಯನವರೆಂದು ಭಾವಿಸಿ ಅವರತ್ತ ಗಿಟಾರಿನ ಕತ್ತನ್ನು ತೋರಿಸಿ "ಈ ಮಾವಂಗೆ ಕೇಳಿ!" ಎಂದುಬಿಟ್ಟರು. ಆ ಹಿರಿಯರು ಮುದ್ದೆಯ ತುತ್ತನ್ನು ಎಲೆಗೆ ಹಾಕಿ ಎದ್ದುನಿಂತರು.

"ಲೇ, ಯಾರ್ಲಾ ಇವ್ನು? ನಾನು ಗಂಡಿನ್ ದೊಡ್ಡಪ್ಪ ಕಣ್ಲಾ! ನಮ್ಮೂರಾಗೆ ನಮ್ಮನ್ನೇ ಕಳ್ರು ಅಂತೀಯೇನ್ಲಾ?"

ಬಡಿಸುತ್ತಿದ್ದವರು ಬಕೆಟ್ ಹಿಡಿದು ಹಾಗೆಯೇ ನಿಂತರು. ಅದೇ ಕ್ಷಣದಲ್ಲಿ ಗಿಟಾರ್ ನಿಂತಿತು. ದೊಡ್ಡಪ್ಪನವರ ಕೂಗಿಗೆ ನಿಂತಿತೆಂದು ಎಲ್ಲರೂ ಭಾವಿಸಿದರು. ಅದಕ್ಕೆ ಒಂದು ಉಸಿರು ಮೊದಲೇ, ಹಿತ್ತಲಿನಲ್ಲಿ ನಿಲ್ಲುತ್ತಿದ್ದ ಅದೇ ಸ್ಥಳದಲ್ಲಿ ಬೆರಳುಗಳು ತಂತಿಯಿಂದ ಜಾರಿದ್ದನ್ನು ನಾನೊಬ್ಬಳೇ ಬಲ್ಲೆ. ಅವರ ಎಡಗೈ ಪಕ್ಕಕ್ಕೆ ಇಳಿಯಿತು. ಈಗ ವೇದಿಕೆಯಿಂದ ಇಳಿದುಬಿಡುತ್ತಾರೆ ಎಂದುಕೊಂಡೆ.

ಅವರು ಇಳಿಯಲಿಲ್ಲ. ಧ್ವನಿವರ್ಧಕದ ಹತ್ತಿರ ಬಾಗಿ, ಬಹಳ ವಿನಯದಿಂದ ಕೇಳಿದರು: "ತಪ್ಪಾಯ್ತು ದೊಡ್ಡಪ್ಪೋರೆ. ಆದ್ರೂ ಒಂದ್ಸಲ ನೋಡ್ಬುಡಿ. ಬಾಗ್ಲಲ್ಲಿ ನಿಮ್ ಚಪ್ಲಿ ಐತಾ?"

ದೊಡ್ಡಪ್ಪನವರು ಕೋಪದಲ್ಲಿಯೇ ತಿರುಗಿ, ಕತ್ತು ಉದ್ದ ಮಾಡಿ, ನಿಜವಾಗಿಯೂ ಬಾಗಿಲ ಕಡೆ ನೋಡಿಬಿಟ್ಟರು. ಪಂಕ್ತಿಯಲ್ಲಿದ್ದವರೂ ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಬಡಿಸುತ್ತಿದ್ದವರು ಮೊದಲು ನಕ್ಕರು, ಆಮೇಲೆ ಶಾಮಿಯಾನವೆಲ್ಲ ನಕ್ಕಿತು. ದೊಡ್ಡಪ್ಪನವರು "ಥೂ, ಬಡ್ಡೆತ್ತದೆ!" ಎಂದು ತಾವೂ ನಗುತ್ತಾ ಕುಳಿತು, ತುತ್ತನ್ನು ಮತ್ತೆ ಕೈಗೆತ್ತಿಕೊಂಡರು.

ಅನಂತರ ಮಾಗಡಿಯವರು ಬಂದರು. ಎರಡನೆಯ ಪಂಕ್ತಿ ಮುಗಿಯುವವರೆಗೂ ಯಜಮಾನರು ಬಿಡುವಿಲ್ಲದೆ ಹಾಡಿದರು, ಅಣಕಿಸಿದರು, ನಡೆದು ತೋರಿಸಿದರು. ನಂಜಮ್ಮನವರ ಗೊರಕೆಗೆ ಮಕ್ಕಳು ಮತ್ತೆ ಮತ್ತೆ ಬೇಡಿಕೆ ಸಲ್ಲಿಸಿದರು. ಕೆಂಚಯ್ಯನವರು ತಮ್ಮ ಹಾಡಿಗೆ ಎದ್ದುನಿಂತು ಎಲ್ಲರಿಗೂ ಕೈಮುಗಿದರು. ಅಷ್ಟೂ ಹೊತ್ತು ಗಿಟಾರ್ ಯಜಮಾನರ ಹೆಗಲಿನಲ್ಲಿ ತೂಗುತ್ತಿತ್ತು. ಅವರು ಒಂದು ತಂತಿಯನ್ನೂ ಮುಟ್ಟಲಿಲ್ಲ. ಇಷ್ಟು ಜನ ನಗುವುದನ್ನು ನಾನು ಅವರ ಯಾವ ಕಾರ್ಯಕ್ರಮದಲ್ಲೂ ಕಂಡಿರಲಿಲ್ಲ.

ಸಂಜೆ ಕನಕಪುರದ ಬಸ್ಸಿಗೆ ನಮ್ಮನ್ನು ಹತ್ತಿಸಲು ಕೆಂಚಯ್ಯನವರೇ ರಸ್ತೆಯವರೆಗೆ ಬಂದರು.

"ಸಾ, ಶ್ರಾವಣ ಕಳೀಲಿ. ನನ್ ದೊಡ್ ಮಗ್ಳು ಮದ್ವೆ ಐತೆ. ನೀವು ಬರ್ಲೇಬೇಕು. ಆ ಬೀಗ್ರುನ್ನ ಉರುದು ಮುಕ್ಬುಡ್ಬೇಕು ನೀವು."

"ಬತ್ತೀನಿ" ಎಂದರು ಯಜಮಾನರು. "ಆದ್ರೆ ಒಂದ್ ಮಾತು. ಇನ್ಮೇಲೆ ಗಿಟಾರ್ ತರಲ್ಲ. ಅದಕ್ಕೆ ಬೇಜಾರ್ ಮಾಡ್ಕಬೇಡಿ" ಎಂದು ಹೇಳಿದರು.

ಕೆಂಚಯ್ಯನವರು ಅವರ ಹೆಗಲ ಮೇಲಿದ್ದ ಚೀಲವನ್ನು ಒಮ್ಮೆ ನೋಡಿದರು.

"ಗಿಟಾರಾ? ಇತ್ತಾ ಸಾ?"

ಯಜಮಾನರು ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ನಿರ್ವಾಹಕರು ಸೀಟಿ ಊದಿದರು.

"ಇತ್ತು" ಎಂದು ಹೇಳಿ ಅವರು ಬಸ್ ಹತ್ತಿದರು.

ಬಸ್ಸು ತಿರುವು ತೆಗೆದುಕೊಳ್ಳುವವರೆಗೂ ನಾನು ಹಿಂದಿನ ಗಾಜಿನ ಮೂಲಕ ನೋಡುತ್ತಿದ್ದೆ. ಕೆಂಚಯ್ಯನವರು ರಸ್ತೆಯ ಬದಿಯಲ್ಲೇ ನಿಂತು, ಪಕ್ಕದಲ್ಲಿದ್ದವರಿಗೆ ಯಜಮಾನರಂತೆಯೇ ಬಾಗಿ ಏನನ್ನೋ ಅಭಿನಯಿಸಿ ತೋರಿಸುತ್ತಿದ್ದರು. ನೋಡುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದನ್ನು ನೋಡುವಂತೆ ಯಜಮಾನರ ತೋಳು ಮುಟ್ಟಿದೆ. ಅವರು ಹಿಂತಿರುಗಿ ನೋಡಲಿಲ್ಲ.